ಹೊಳೆಯ ನೀರು ಅಳೆಯುತ್ತಿದ್ದ ದುಂಡಪ್ಪ

ಹೊಳೆದಂಡೆಯ ಮಠವೊಂದರಲ್ಲಿ ಮರುಳಯ್ಯ ಅಜ್ಜಾರು ಎಂಬ ಗುರುಗಳಿದ್ದರು. ಶಿಷ್ಯ ಸಂಗಯ್ಯ ಜಾಣ. ತುಸು ಹೆಚ್ಚೇ ಜಾಣ.

ಮೇಲಿನೂರಿನ ದುಂಡಪ್ಪ ದಿನಾ ನಸುಕಿನಲ್ಲಿ ಹೊಳೆಗಿಳಿದು ನೀರಿನ ಮಟ್ಟ ಅಳೆಯುತ್ತಿದ್ದ. ಅದನ್ನು ತನ್ನ ವೆಬ್‌ಸೈಟಿನಲ್ಲಿ ಹಾಕುತ್ತಿದ್ದ. ಕೆಳಗಿನ ಊರುಗಳವರು ಮೊಬೈಲಿನಲ್ಲಿ ನೋಡಿಯೇ ಹೊಳೆಗೆ ಕಾಲಿಡುತ್ತಿದ್ದರು. ಯಾರೂ ಅವನಿಗೆ ಬಿಡಿಗಾಸು ಕೊಟ್ಟವರಲ್ಲ. ಅವನ ಹೊಟ್ಟೆ ತುಂಬುತ್ತಿದ್ದುದು ಅಲ್ಲಿ ಬರುವ ಜಾಹೀರಾತುಗಳಿಂದ.

ಒಂದು ದಿನ ಸಂಗಯ್ಯ ಬೀಗುತ್ತ ಬಂದ.

“ಅಜ್ಜಾರ, ನನ್ನ ಮೊಬೈಲಿನಾಗ ಜಾಹೀರಾತು ಒಂದೂ ಕಾಣದಂಗ ಮಾಡೀನ್ರಿ. ಸುತ್ತಿನ ಊರವರಿಗೂ ಕಲಿಸಿ ಬಂದೀನಿ.”

“ಯಾಕಪಾ?”

“ಸಕ್ಕರಿ ಕಾಯಿಲೆ ಮೂರೇ ದಿನದಾಗ ವಾಸಿ ಅಂತಾರ್ರಿ. ಬರೇ ಸುಳ್ಳು! ಕಣ್ಣು ನಂದು. ಏನು ನೋಡಬೇಕು, ಏನು ಬಿಡಬೇಕು ಅನ್ನೋ ಹಕ್ಕು ನನಗಿಲ್ಲೇನ್ರಿ?”

“ಐತಿ,” ಎಂದರು ಅಜ್ಜಾರು. “ಪ್ರಸಾದದ ಪಂಕ್ತಿಯೊಳಗ, ಜ್ವಾಳ ಕೊಟ್ಟವರ ಹೆಸರು ಕೂಗ್ತೀವಲ್ಲ, ಆಗ ಕಿವಿ ಮುಚ್ಚಿಕೊಂತೀಯೇನು?”

“ಅವರು ಸುಳ್ಳು ಹೇಳಂಗಿಲ್ಲಲ್ರಿ.”

“ಖರೇ ಮಾತು. ಆದ್ರ ಇದನ್ನ ದುಂಡಪ್ಪನ ಮುಂದ ಹೇಳಿದ್ಯೇನು? ಆ ಸುಳ್ಳು ಔಷಧ ತೆಗಿ, ಉಳಿದದ್ದು ನೋಡ್ತೀವಿ ಅಂತ?”

“ಅವನಿಗ್ಯಾಕ ಹೇಳಬೇಕ್ರಿ?”

ಅಜ್ಜಾರು ಎದ್ದು ಪೂಜೆಗೆ ಹೋದರು.

ಎರಡೇ ತಿಂಗಳು. ನೋಡುವವರಿಲ್ಲದ ಜಾಹೀರಾತಿಗೆ ಕಾಸು ಕೊಡುವ ಹುಚ್ಚ ಯಾರು? ವೆಬ್‌ಸೈಟು ನಿಂತಿತು. ದುಂಡಪ್ಪ ಹೆಂಡತಿಯನ್ನು ಕರೆದುಕೊಂಡು ದೂರದ ಇಟ್ಟಿಗೆ ಭಟ್ಟಿಗೆ ದುಡಿಯಲು ಹೋದ.

“ಹೋದರ ಹೋಗಲಿ, ಇನ್ನೊಬ್ಬ ಬರ್ತಾನ,” ಎಂದ ಸಂಗಯ್ಯ. ಯಾರೂ ಬರಲಿಲ್ಲ.

ಮಠದ ತಟ್ಟೆ ತೊಳೆಯುವವಳು ಫಕೀರವ್ವ. ಶ್ರಾವಣದ ಒಂದು ಬೆಳಿಗ್ಗೆ ಬುಟ್ಟಿ ಹೊತ್ತು ಹೊರಟವಳು ಎಂದಿನಂತೆ ಕೇಳಿದಳು.

“ಸಂಗಯ್ಯಾರ, ಇವತ್ತು ಹೊಳಿ ಹ್ಯಾಂಗೈತ್ರಿ?”

ಅವನು ಕಿಟಕಿಯಿಂದ ಇಣುಕಿದ. “ಸುಮ್ಮನೈತಿ. ಹೋಗವ್ವ.”

ಮೇಲಿನ ಸೀಮೆಯಲ್ಲಿ ಎರಡು ದಿನದಿಂದ ಜಡಿಮಳೆ ಹೊಡೆಯುತ್ತಿದ್ದುದು ಕಿಟಕಿಗೆ ಕಂಡೀತೇ? ನೀರು ಒಮ್ಮೆಲೇ ಏರಿ ಬಂತು. ತಟ್ಟೆಗಳು ಕಲ್ಲಿನ ಸಂದಿಯಲ್ಲಿ ಸಿಕ್ಕವು. ಫಕೀರವ್ವ ಸಿಕ್ಕಿದ್ದು ಮೂರನೆಯ ದಿನ, ಎರಡು ಊರು ಕೆಳಗೆ. ಅಯ್ಯೋ, ಗುರುತು ಹಿಡಿಯಲು ಕೈಯ ಹಸಿರು ಬಳೆ ನೋಡಬೇಕಾಯಿತು.

ಮಣ್ಣು ಮಾಡಿ ಬಂದ ಸಂಗಯ್ಯ ಗುರುಗಳ ಕಾಲು ಹಿಡಿದು ಗೋಳೋ ಎಂದು ಅತ್ತ.

“ಹೇಳ್ರಿ ಅಜ್ಜಾರ. ನನಗ ಹಕ್ಕಿತ್ತೋ ಇಲ್ಲೋ?”

“ಇತ್ತಪಾ. ಈಗಲೂ ಐತಿ.”

ಹೊರಗೆ ಕಟ್ಟೆಯ ಮೇಲೆ ಫಕೀರವ್ವನ ಮಗಳು ಕೂತಿದ್ದಳು. ಊಟ ಬಿಟ್ಟು ಮೂರು ದಿನವಾಗಿತ್ತು. ಅಜ್ಜಾರು ಆ ಕಡೆ ಕೈ ತೋರಿಸಿದರು.

“ಹೋಗು. ಆಕಿಗೆ ಹೇಳಿ ಬಾ.”