ಖಾಲಿ ಗೂಡಿನ ಅಳತೆ

ಆಗ ಪುಸ್ತಕಗಳು ಈಗಿನ ಹಾಗೆ ಬೆನ್ನು ತೋರಿಸಿಕೊಂಡು ನಿಲ್ಲುತ್ತಿರಲಿಲ್ಲ ನೋಡಿ, ಹಾಯಾಗಿ ಮಲಗುತ್ತಿದ್ದವು. ತಾಳೆಗರಿಯ ಕಟ್ಟುಗಳು, ಮೇಲೊಂದು ಕೆಳಗೊಂದು ಹಲಗೆ, ಸುತ್ತ ದಾರ. ಒಂದೊಂದಕ್ಕೂ ಗೋಡೆಯಲ್ಲಿ ಒಂದೊಂದು ಗೂಡು.

ನದಿಯ ದಡದ ಒಂದು ಆಶ್ರಮದಲ್ಲಿ ಗೋಡೆಗೆ ಗೆದ್ದಲು ಹತ್ತಿತು. ಗುರು ಅಡವಯ್ಯನವರು ಶಿಷ್ಯ ಕಲ್ಲಿನಾಥನನ್ನು ಕರೆದು, "ಮರದ ಗೂಡು ಮಾಡಪ್ಪ" ಎಂದರು.

ಮಾಡಿದ. ಎಂಥ ಕೆಲಸ ಅಂತೀರಿ! ಗಾಳಿಯಾಡಲೆಂದು ಗೋಡೆಯಿಂದ ಗೇಣು ದೂರ ನಿಲ್ಲಿಸಿದ. ಹುಳ ಹತ್ತದಂತೆ ಕಾಲುಗಳ ಕೆಳಗೆ ನೀರು ತುಂಬಿದ ಕಲ್ಲುಬಟ್ಟಲು ಇಟ್ಟ. ಪ್ರತಿ ಕಟ್ಟಿಗೂ ಅದರದ್ದೇ ಅಳತೆಯ ಮನೆ.

ಗುರುಗಳು ಒಂದೊಂದೇ ಮನೆಯನ್ನು ಬೆರಳಲ್ಲಿ ಮುಟ್ಟುತ್ತಾ ಹೋದರು. ಕೊನೆಯದನ್ನೂ ಮುಟ್ಟಿದ ಮೇಲೆ ಬೆರಳು ಇನ್ನೊಂದನ್ನು ಹುಡುಕಿತು.

"ರೇವಣ ಒಯ್ದ ಕಟ್ಟಿನ ಮನೆ ಎಲ್ಲಿ?"

ಕಲ್ಲಿನಾಥನ ಮುಖ ಸಣ್ಣದಾಯಿತು.

ರೇವಣ ಅವನ ಜೊತೆಯ ಶಿಷ್ಯ. ಓದಲು ಕೂತರೆ ಕಟ್ಟು ಬಿಚ್ಚುವವನು ರೇವಣ, ಕಟ್ಟುವವನು ಕಲ್ಲಿನಾಥ. "ನಿನ್ನ ಗಂಟು ಬಿಚ್ಚೋಷ್ಟರಲ್ಲಿ ನನಗೆ ಹಲ್ಲು ಉದುರುತ್ತೆ ಮಾರಾಯ" ಎಂದು ರೇಗಿಸುತ್ತಿದ್ದ. ಕಣ್ಣು ಕಾಣದ ಅವ್ವನಿಗೆ ಓದಿ ಹೇಳಿ ಬರುತ್ತೇನೆಂದು, ಇಬ್ಬರೂ ಅರ್ಧ ಓದಿದ್ದ ಕಟ್ಟನ್ನು ಹಿಡಿದು ದೋಣಿ ಹತ್ತಿದವನು ತಿರುಗಿ ಬರಲಿಲ್ಲ. ಅಂದಿನಿಂದ ದೋಣಿ ದಡ ಮುಟ್ಟಿದಾಗಲೆಲ್ಲ ಕಲ್ಲಿನಾಥನ ಉಳಿ ಸುತ್ತಿಗೆ ನಿಲ್ಲುತ್ತಿದ್ದವು.

"ಅದಕ್ಕೆ ಮನೆ ಮಾಡಿಲ್ಲ ಗುರುಗಳೇ."

"ಯಾಕೋ?"

"ಗೋಡೇಲಿದ್ದ ಆ ಖಾಲಿ ಗೂಡು ನೋಡಿ ನೋಡಿ ಸಾಕಾಯ್ತು. ಬಾರದವನಿಗೆ ಜಾಗ ಇಟ್ಟು ಏನು ಮಾಡಲಿ? ಇದರಲ್ಲಿ ಖಾಲಿ ಅನ್ನೋದೇ ಬೇಡ ಅಂತ ಬಿಟ್ಟೆ. ಅವನನ್ನೂ ಮರೆತೆ."

"ಒಳ್ಳೇದಾಯ್ತು ಬಿಡು."

ಹೊರಡಲು ತಿರುಗಿದ ಗುರುಗಳು ಏನೋ ನೆನಪಾದಂತೆ ನಿಂತರು.

"ಅಂದ ಹಾಗೆ, ಆ ಕಟ್ಟು ಎಷ್ಟು ಉದ್ದ ಇತ್ತಪ್ಪ?"

ಕಲ್ಲಿನಾಥ ಯೋಚಿಸಲಿಲ್ಲ. ಎರಡೂ ಅಂಗೈ ತಾವಾಗಿಯೇ ಮೇಲೆದ್ದು, ನಡುವೆ ಅಷ್ಟೇ ಅಷ್ಟು ಗಾಳಿಯನ್ನು ಹಿಡಿದು ನಿಂತವು. ದಾರದ ಗಂಟು ಇರುತ್ತಿದ್ದ ಕಡೆ ಹೆಬ್ಬೆರಳು ಮಡಿಚಿಕೊಂಡಿತ್ತು.

ಹೊಳೆಯಲ್ಲಿ ದೋಣಿಯ ಹುಟ್ಟಿನ ಸದ್ದಾಯಿತು. ಅವನ ಕಣ್ಣು ದಡದ ಕಡೆ ಹೋಯಿತು. ನಾಚಿ ಕೈ ಇಳಿಸಲು ಹೋದ.

ಗುರುಗಳು ಆ ಅಂಗೈಗಳ ನಡುವೆ ಅಳತೆಯ ಕಡ್ಡಿ ಇಟ್ಟರು.

"ಇಳಿಸಬೇಡ. ಜಾಗ ಇದೆಯಲ್ಲೋ, ಹಲಗೆ ಕಡಿಮೆ ಬಿದ್ದಿದೆ ಅಷ್ಟೆ."