ದೊರೆಯ ಬೆಳ್ಳಿ ಭರಣಿ

“ಕೆಂಗೋಟೆಯ ಪ್ರಜೆಗಳೇ ಕೇಳಿ! ರಾಜಕುಮಾರಿ ಹೊನ್ನಾದೇವಿಯ ಮೂರು ಒಗಟು ಬಿಡಿಸಿದವನಿಗೆ ಅವಳೊಂದಿಗೆ ಮದುವೆ, ಜೊತೆಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆ ಹೋಗುತ್ತದೆ!”

ಹೀಗೆ ಡಂಗುರ ಹೊಡೆಸಿದವನು ಮಲ್ಲರಸ ದೊರೆ. ಒಗಟು ಮಗಳದು, ತಲೆದಂಡದ ಶರತ್ತು ಅಪ್ಪನದು. ಬುದ್ಧಿಯಿದ್ದವರು ಮನೆಯಲ್ಲೇ ಉಳಿದರು, ಮಿಕ್ಕವರು ಅರಮನೆಯ ಮುಂದೆ ಸಾಲುಗಟ್ಟಿದರು.

“ಹೊಟ್ಟೆ ಹಸಿದರೂ ಅಳದ ಕೂಸು ಯಾವುದು?” ಎಂದು ಹೊನ್ನಾದೇವಿ ಮೊದಲ ಒಗಟು ಹಾಕಿದಳು. ಪಾಳೆಯಗಾರನ ಮಗ “ಮರದ ಗೊಂಬೆ” ಎಂದ. ಗೊಂಬೆಗೆಲ್ಲಿಯ ಹಸಿವು? ಅವನ ತಲೆ ಹೋಯಿತು. ಮುಂದಿನವನು ಪಂಡಿತ. “ತಪಸ್ಸಿಗೆ ಕೂತ ಬಾಲಮುನಿ” ಎಂದು ಶ್ಲೋಕ ಸಮೇತ ವಿವರಿಸಿದ. ಶ್ಲೋಕ ಮುಗಿಯುವವರೆಗೆ ಕಾದು ಅವನ ತಲೆಯನ್ನೂ ತೆಗೆದರು.

ಅರಮನೆಗೆ ಮೊರ ಕೊಡಲು ಬಂದಿದ್ದ ಬುಟ್ಟಿ ಹೆಣೆಯುವ ದುರುಗ ಇದನ್ನೆಲ್ಲ ನೋಡುತ್ತ ನಿಂತಿದ್ದ. ಉತ್ತರ ಅವನಿಗೆ ಗೊತ್ತಿತ್ತು. ಸುಮ್ಮನಿದ್ದರೆ ಇನ್ನೊಬ್ಬನ ತಲೆ ಹೋಗುತ್ತದಲ್ಲ ಎಂದು ತಡೆಯಲಾಗದೆ ಮುಂದೆ ಬಂದ.

“ಅಫೀಮು ನೆಕ್ಕಿಸಿದ ಕೂಸು, ತಾಯಿ. ಕೂಲಿಗೆ ಹೋಗುವಾಗ ನಮ್ಮವ್ವ ಉಗುರಿನ ತುದೀಲಿ ಇಷ್ಟೇ ಇಷ್ಟು ನೆಕ್ಕಿಸಿ ಮಲಗಿಸ್ತಿದ್ಲು. ನನ್ನ ತಂಗಿ ಹಸಿದ್ರೂ ಅಳ್ತಿರ್ಲಿಲ್ಲ. ಒಂದಿನ ಏಳಲೂ ಇಲ್ಲ.”

ಹೊನ್ನಾದೇವಿ ತಲೆದೂಗಿದಳು. “ಹೊಲದಲ್ಲಿ ಬೆಳೆದರೆ ಬೀಸುವ ಕಲ್ಲು ನಿಲ್ಲುತ್ತದೆ, ಮನೆಯೊಳಗೆ ಬಂದರೆ ನೇಗಿಲೂ ನಿಲ್ಲುತ್ತದೆ. ಏನದು?”

“ಅದೂ ಅಫೀಮೇ. ಊರೆಲ್ಲಾ ಅಫೀಮಿಗೇ ಅಂತ ಗಸಗಸೆ ಗಿಡ ಹಾಕಿದ್ಮೇಲೆ ಬೀಸೋಕೆ ಜೋಳ ಎಲ್ಲಿಂದ ಬರ್ಬೇಕು? ಅಫೀಮು ತಿಂದು ತೂಕಡಿಸೋರು ನೇಗಿಲು ಹಿಡೀತಾರಾ?”

ಮೂರನೆಯದನ್ನು ಕೇಳುವ ಮೊದಲು ರಾಜಕುಮಾರಿ ಅಪ್ಪನ ಕಡೆ ನೋಡಿದಳು. “ಎಲ್ಲರೂ ಅವನ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ಹೊತ್ತು ಮೀರಿದರೆ ಅವನೇ ಕೈಯೊಡ್ಡಿ ಬೇಡುತ್ತಾನೆ. ಯಾರವನು?”

“ನಮ್ಮಪ್ಪ. ಮನೇಲಿ ನಾವೆಲ್ಲ ಅವನ ಮುಂದೆ ಕೈಕಟ್ಟಿ ನಿಲ್ತಿದ್ವಿ” ಎಂದ ದುರುಗ.

ಸಭೆ ಗೊಳ್ಳೆಂದು ನಕ್ಕಿತು. ತಲೆ ಕಡಿಯುವವನು ಕತ್ತಿ ಹಿಡಿದು ಎದ್ದ.

“ಉತ್ತರ ಸರಿಯಾಗಿದೆ” ಎಂದಳು ಹೊನ್ನಾದೇವಿ. “ನನ್ನಪ್ಪನೂ ಹಾಗೆಯೇ, ಅಫೀಮಿನ ಹೊತ್ತು ಮೀರಿದರೆ ಕೈಯೊಡ್ಡುತ್ತಾನೆ. ಇದು ನಿಮಗೆಲ್ಲ ಗೊತ್ತು. ಹೇಳುವ ಧೈರ್ಯ ನಿಮಗೂ ಇರಲಿಲ್ಲ, ನನಗೂ ಇರಲಿಲ್ಲ.”

ನಗು ನಿಂತಿತು. ದೊರೆಯ ಕೈ ಸೊಂಟದಲ್ಲಿದ್ದ ಅಫೀಮಿನ ಬೆಳ್ಳಿ ಭರಣಿಯ ಮೇಲಿತ್ತು. “ಏಯ್, ನಿನ್ನಪ್ಪ ಈಗೆಲ್ಲಿ?” ಎಂದು ಗದರಿದ.

“ತೀರ್ಕೊಂಡ, ಮಹಾಸ್ವಾಮಿ. ಕೊನೆಗೆ ನನ್ನ ಹೆಸರೂ ಮರ್ತಿದ್ದ. ಅಫೀಮು ಇಟ್ಟ ಜಾಗ ಮಾತ್ರ ನೆನಪಿತ್ತು.”

ಮಲ್ಲರಸ ಮಗಳ ಕಡೆ ತಿರುಗಿದ. ಅವಳ ಹೆಸರು ನಾಲಿಗೆಗೆ ಬರಲು ತುಸು ಹೊತ್ತು ಹಿಡಿಯಿತು. ಅದರಿಂದ ಅವನಿಗೇ ಭಯವಾಯಿತು. ಸೊಂಟದಿಂದ ಭರಣಿ ಬಿಚ್ಚಿ ಅವಳ ಕೈಗಿಟ್ಟ. “ಹೊನ್ನಾ, ನಾನು ಬೇಡಿದರೂ ಕೊಡಬೇಡ ಮಗಳೇ.”

ದುರುಗನಿಗೆ ಮಾತಿನಂತೆ ಮದುವೆಯಾಯಿತು. ಗಸಗಸೆ ಬೆಳೆಯುವ ಸೀಮೆಯನ್ನೇ ತನ್ನ ಪಾಲಿನ ಅರ್ಧ ರಾಜ್ಯವಾಗಿ ಕೇಳಿ ಪಡೆದು ಅಲ್ಲಿ ಜೋಳ ಬಿತ್ತಿಸಿದ. ಅದೆಲ್ಲ ಆಮೇಲಿನ ಮಾತು. ಆ ದಿನ ಸಂಜೆಯೇ ದೊರೆ ಭರಣಿ ಬೇಡಿದ, ಬೈದ, ಮಗಳ ಕಾಲಿಗೂ ಬಿದ್ದ. ಹೊನ್ನಾದೇವಿ ಬಿಕ್ಕಿ ಬಿಕ್ಕಿ ಅತ್ತಳು. ಭರಣಿ ಕೊಡಲಿಲ್ಲ.