ಕಹಿ ಅಂಟಿನ ಪುಸ್ತಕ

ಗ್ರಂಥಾಲಯದ ಕಪಾಟಿನಲ್ಲಿ ಇಲಿಯೂ ಜಿರಲೆಯೂ ಪುಸ್ತಕಗಳ ಯೋಗ್ಯತೆ ಅಳೆಯುತ್ತಿದ್ದವು. "ಕಾದಂಬರಿ ಸೊಗಸು, ಬೆನ್ನಿನ ಮೈದಾ ಅಂಟು ಬಲು ರುಚಿ," ಎಂದಿತು ಇಲಿ. "ಕವನ ಸಂಕಲನ ಒಂದು ತುತ್ತಿಗೂ ಸಾಲದು," ಎಂದಿತು ಜಿರಲೆ. ಚರಿತ್ರೆಯ ಪುಸ್ತಕಕ್ಕೆ ಬಾಯಿ ಹಾಕಿದ್ದೇ ಎರಡೂ ಥೂ ಎಂದು ಉಗಿದವು. ಹುಳ ಹತ್ತದಿರಲೆಂದು ಬೈಂಡರು ಅದರ ಅಂಟಿಗೆ ಮೈಲುತುತ್ತ ಬೆರೆಸಿದ್ದ.

ಚರಿತ್ರೆಗೆ ಮೈಯೆಲ್ಲ ಉರಿಯಿತು. "ಸ್ವಾಮಿ, ನೀವು ನೆಕ್ಕಿದ್ದು ಅಂಟನ್ನು. ಒಂದು ಸಾಲನ್ನಾದರೂ ಓದಿದಿರಾ? ಇರಲಿ, ಓದಬಲ್ಲ ಮನುಷ್ಯರೇ ಬಂದು ನನ್ನ ಬೆಲೆ ಹೇಳಲಿ," ಎಂದಿತು.

ಒಂದು ದಿನ ಗ್ರಂಥಪಾಲಕ ಚೆಲುವರಾಯಪ್ಪನವರು ಬಂದರು. ಚಿಂದಿಯಾದ ಕಾದಂಬರಿಯನ್ನು ಎತ್ತಿಕೊಂಡು, "ಜನ ಎಷ್ಟು ಓದಿ ಸವೆಸಿದ್ದಾರೆ! ಹೊಸದಾಗಿ ಬೈಂಡ್ ಮಾಡಿಸು," ಎಂದು ಜವಾನನಿಗೆ ಹೇಳಿದರು. ಚರಿತ್ರೆಯನ್ನು ತೆರೆಯದೆಯೇ, "ಇದನ್ನು ಒಬ್ಬರೂ ಮುಟ್ಟಿಲ್ಲ, ರದ್ದಿಗೆ ಹಾಕು," ಎಂದರು.

"ಕಂಡೆಯಾ? ಅವರು ಓದುವುದೂ ನಮ್ಮ ಹಲ್ಲಿನ ಗುರುತನ್ನೇ," ಎಂದಿತು ಇಲಿ.